ಗಿಡ ಬಾಡಿದಾಗ ಮೊದಲು ನೋಡಬೇಕಾದದ್ದು ಮಣ್ಣು ಮತ್ತು ಬೇರು: ಪರಿಸರದ ಒತ್ತಡವನ್ನು ಲಕ್ಷಣಗಳಿಂದ ಗುರುತಿಸುವ ಕೈಪಿಡಿ

ಬಾಯಾರಿದ ಪ್ರಾಣಿ ನೀರಿರುವ ಕಡೆಗೆ ನಡೆಯುತ್ತದೆ. ಬಿಸಿಲು ತಾಳದಿದ್ದರೆ ನೆರಳಿಗೆ ಸರಿಯುತ್ತದೆ. ಬೇರೂರಿದ ಗಿಡಕ್ಕೆ ಆ ಅವಕಾಶವಿಲ್ಲ. ನಿಂತಲ್ಲೇ ನಿಂತು, ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಬೆಳವಣಿಗೆಯನ್ನು ತಗ್ಗಿಸಿಕೊಂಡು, ಹಳೆಯ ಎಲೆಗಳನ್ನು ಕಳಚಿಕೊಂಡು ಅದು ಕಷ್ಟಕಾಲವನ್ನು ದಾಟಬೇಕು. ನಮ್ಮ ಕಣ್ಣಿಗೆ ಬೀಳುವ ಬಾಡುವಿಕೆ, ಹಳದಿ ಬಣ್ಣ, ಎಲೆ ಉದುರುವಿಕೆ ಬಹುಮಟ್ಟಿಗೆ ಈ ಹೊಂದಾಣಿಕೆಯ ಗುರುತುಗಳೇ. ತೊಡಕೆಂದರೆ, ಗಿಡ ತೋರಿಸಬಲ್ಲ ಲಕ್ಷಣಗಳು ಕೆಲವೇ, ಅವುಗಳ ಹಿಂದಿನ ಕಾರಣಗಳು ಹಲವು. ನೀರಿಲ್ಲದೆಯೂ ಗಿಡ ಬಾಡುತ್ತದೆ, ನೀರು ಹೆಚ್ಚಾದರೂ ಬಾಡುತ್ತದೆ. ಗೊಬ್ಬರ ಸಾಲದೆಯೂ ಎಲೆ ಹಳದಿಯಾಗುತ್ತದೆ, ಬೇರು ಕೊಳೆತರೂ ಹಳದಿಯಾಗುತ್ತದೆ. ಆದ್ದರಿಂದ ಲಕ್ಷಣ ಕಂಡ ಕೂಡಲೇ ನೀರಿನ ಪಾತ್ರೆಯನ್ನೋ ಗೊಬ್ಬರದ ಚೀಲವನ್ನೋ ಕೈಗೆತ್ತಿಕೊಂಡರೆ, ಇರುವ ತೊಂದರೆಯನ್ನು ನಾವೇ ಎರಡರಷ್ಟು ಮಾಡುವ ಸಾಧ್ಯತೆ ಹೆಚ್ಚು.

ಈ ಕೈಪಿಡಿ ಕಣ್ಣಿಗೆ ಕಾಣುವ ಲಕ್ಷಣದಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ನಂತರ ಉಪಕರಣ ಅಥವಾ ಪ್ರಯೋಗಾಲಯ ಬೇಕಾಗುವ ಪರೀಕ್ಷೆಗಳಿಗೆ ಹೋಗುತ್ತದೆ. ಒಂದು ನಿಯಮವನ್ನು ಮಾತ್ರ ಎಲ್ಲ ಹಂತಗಳಲ್ಲೂ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲ ಕಾಣಲು ಕೆಲವು ದಿನ ಕಾಯಬೇಕು. ನೀರು, ಗೊಬ್ಬರ, ಔಷಧಿ, ಜಾಗ ಇವೆಲ್ಲವನ್ನೂ ಒಂದೇ ದಿನ ಬದಲಿಸಿದರೆ ಗಿಡ ಉಳಿದರೂ ಯಾವುದರಿಂದ ಉಳಿಯಿತೆಂದು ತಿಳಿಯುವುದಿಲ್ಲ, ಸತ್ತರೂ ಯಾವುದರಿಂದ ಸತ್ತಿತೆಂದು ತಿಳಿಯುವುದಿಲ್ಲ.

ಯಾವ ಲಕ್ಷಣವಿದ್ದರೂ ಮೊದಲು ಮಾಡಬೇಕಾದದ್ದು

ಗಿಡದ ಮುಂದೆ ಹತ್ತು ನಿಮಿಷ ನಿಂತು ಮೂರು ಸಂಗತಿಗಳನ್ನು ಗಮನಿಸಿ.

ಮೊದಲನೆಯದು, ತೊಂದರೆ ಎಲ್ಲಿ ಹರಡಿದೆ ಎಂಬುದು. ಅಕ್ಕಪಕ್ಕದಲ್ಲಿರುವ ಬೇರೆ ಬೇರೆ ಜಾತಿಯ ಗಿಡಗಳೆಲ್ಲ ಒಟ್ಟಿಗೇ ಒಂದೇ ರೀತಿ ಕೆಟ್ಟಿದ್ದರೆ ಕಾರಣ ಬಹುತೇಕ ಪರಿಸರದ್ದು, ಅಂದರೆ ಬಿಸಿ, ಚಳಿ, ನೀರು, ಲವಣ ಅಥವಾ ಗಾಳಿಯಲ್ಲಿ ತೇಲಿಬಂದ ಯಾವುದಾದರೂ ರಾಸಾಯನಿಕ. ರೋಗಾಣುಗಳು ಸಾಮಾನ್ಯವಾಗಿ ಒಂದು ಜಾತಿಯನ್ನು ಅಥವಾ ಒಂದು ಕುಟುಂಬದ ಸಸ್ಯಗಳನ್ನು ಮಾತ್ರ ಹಿಡಿಯುತ್ತವೆ, ಮತ್ತು ಒಂದು ಗಿಡದಿಂದ ಇನ್ನೊಂದಕ್ಕೆ ದಿನಗಳೆದಂತೆ ಹರಡುತ್ತವೆ. ಇಂದು ಮಚ್ಚೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ನಾಲ್ಕು ದಿನ ಬಿಟ್ಟು ನೋಡಿ: ಗೆರೆ ದಾಟಿ ಬೆಳೆದಿದ್ದರೆ ಅಲ್ಲಿ ಜೀವವಿರುವ ಯಾವುದೋ ಕೆಲಸ ಮಾಡುತ್ತಿರಬಹುದು, ಇದ್ದಲ್ಲೇ ಇದ್ದರೆ ಅದು ಹಿಂದೆ ಆದ ಗಾಯದ ಕಲೆ.

ಎರಡನೆಯದು, ಗಿಡದ ಯಾವ ಭಾಗದಲ್ಲಿ ಶುರುವಾಯಿತು ಎಂಬುದು. ಬುಡದ ಹಳೆಯ ಎಲೆಗಳಲ್ಲೋ, ಸುಳಿಯ ಹೊಸ ಎಲೆಗಳಲ್ಲೋ, ಬಿಸಿಲು ಬೀಳುವ ಮಗ್ಗುಲಲ್ಲಿ ಮಾತ್ರವೋ? ಮುಂದೆ ಬರುವ ಅರ್ಧದಷ್ಟು ತೀರ್ಮಾನಗಳು ಈ ಒಂದು ಉತ್ತರದ ಮೇಲೆ ನಿಂತಿವೆ.

ಮೂರನೆಯದು, ಕಳೆದ ಎರಡು ವಾರಗಳಲ್ಲಿ ಏನು ಬದಲಾಯಿತು ಎಂಬುದು. ಕುಂಡ ಬದಲಿಸಿದ್ದು, ಗಿಡದ ಜಾಗ ಸರಿಸಿದ್ದು, ಗೊಬ್ಬರ ಕೊಟ್ಟದ್ದು, ನೀರಿನ ಮೂಲ ಬದಲಾದದ್ದು, ಸತತ ಮಳೆ, ಬಿಸಿಗಾಳಿ, ಹತ್ತಿರದಲ್ಲಿ ಮಣ್ಣು ಅಗೆದದ್ದು, ಕಳೆನಾಶಕ ಸಿಂಪಡಿಸಿದ್ದು ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ದೊಡ್ಡ ಮರಗಳಲ್ಲಿ ಈ ಅವಧಿಯನ್ನು ಎರಡು ಮೂರು ವರ್ಷಗಳಿಗೆ ಹಿಗ್ಗಿಸಬೇಕು, ಏಕೆಂದರೆ ಬೇರು ಕಡಿದುಹೋದ ಮರ ತನ್ನಲ್ಲಿ ಕೂಡಿಟ್ಟ ಆಹಾರದ ಬಲದಿಂದ ಹಲವು ಋತುಗಳ ಕಾಲ ಹಸಿರಾಗಿಯೇ ನಿಂತಿರಬಲ್ಲದು.

ಇದಾದ ಮೇಲೆ ಮಣ್ಣನ್ನು ಮುಟ್ಟಿ ನೋಡಿ. ಮೇಲ್ಮಣ್ಣು ಒಣಗಿದಂತೆ ಕಂಡರೂ ಒಳಗೆ ಕೆಸರಿರಬಹುದು. ಮೇಲೆ ಒದ್ದೆಯಿದ್ದರೂ ಬೇರಿರುವ ಆಳದಲ್ಲಿ ಧೂಳಿರಬಹುದು. ಕುಂಡದಲ್ಲಿ ಬೆರಳನ್ನು 5 ಸೆಂಟಿಮೀಟರ್ ಆಳಕ್ಕೆ ಇಳಿಸಿ. ನೆಲದಲ್ಲಿ ಸಣ್ಣ ಸಲಾಕೆಯಿಂದ 15 ಸೆಂಟಿಮೀಟರ್ ಆಳದ ಮಣ್ಣನ್ನು ತೆಗೆದು ಅಂಗೈಯಲ್ಲಿ ಹಿಂಡಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ತೇವ ಅತಿಯಾಗಿದೆ; ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಒಡೆದರೆ ಹದವಾಗಿದೆ; ಉಂಡೆಯೇ ಕಟ್ಟದೆ ಪುಡಿಯಾದರೆ ಒಣಗಿದೆ. ಮರಳು ಮಣ್ಣು ತೇವವಿದ್ದರೂ ಗಟ್ಟಿ ಉಂಡೆಯಾಗುವುದಿಲ್ಲ; ಅಲ್ಲಿ ಅಂಗೈಗೆ ತಗಲುವ ತಂಪನ್ನು ನಂಬಬೇಕು.

ಲಕ್ಷಣ: ಮಧ್ಯಾಹ್ನ ಬಾಡಿ, ಸಂಜೆಗೆ ಎದ್ದು ನಿಲ್ಲುತ್ತದೆ

ಅಗಲ ಎಲೆಯ ಸೌತೆ, ಕುಂಬಳದಂತಹ ಬಳ್ಳಿಗಳಲ್ಲಿ ಇದು ದಿನನಿತ್ಯದ ಸಂಗತಿ. ಬೇರು ಹೀರಿದ ನೀರಿನಲ್ಲಿ ಶೇಕಡ 95ಕ್ಕೂ ಹೆಚ್ಚು ಭಾಗ ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ. ಉರಿಬಿಸಿಲಿನಲ್ಲಿ ಈ ವ್ಯಯ ಬೇರಿನ ಪೂರೈಕೆಯನ್ನು ಮೀರಿದಾಗ ಜೀವಕೋಶಗಳ ಒಳಗಿನ ನೀರಿನ ಒತ್ತಡ ತಗ್ಗಿ, ಎಲೆ ಜೋತುಬೀಳುತ್ತದೆ. ಜೋತುಬಿದ್ದ ಎಲೆಗೆ ನೇರ ಬಿಸಿಲು ಕಡಿಮೆ ತಗಲುವುದರಿಂದ ಒಂದರ್ಥದಲ್ಲಿ ಇದು ರಕ್ಷಣೆಯೂ ಹೌದು.

ಮಣ್ಣು ಹದವಾಗಿದ್ದು, ಸೂರ್ಯ ಇಳಿದ ಮೇಲೆ ಗಿಡ ತಾನಾಗಿ ಚೇತರಿಸಿಕೊಂಡರೆ ಏನನ್ನೂ ಮಾಡಬೇಕಾಗಿಲ್ಲ. ಬುಡಕ್ಕೆ ಒಣಹುಲ್ಲು ಅಥವಾ ಒಣ ಎಲೆಗಳ ಹೊದಿಕೆ ಹಾಕಿದರೆ ಮಣ್ಣಿನ ಕಾವು ಇಳಿಯುತ್ತದೆ, ತೇವವೂ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಚೇತರಿಕೆಗೆ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಮಾತ್ರ ಮುಂದಿನ ಭಾಗಗಳನ್ನು ನೋಡಿ.

ಲಕ್ಷಣ: ಬೆಳಗಿನ ಜಾವದಲ್ಲೂ ಬಾಡಿದೆ, ಮಣ್ಣು ಒಣಗಿದೆ

ಮುಂಜಾನೆ ಗಿಡ ನೀರಿನ ದೃಷ್ಟಿಯಿಂದ ಅತ್ಯಂತ ನೆಮ್ಮದಿಯಲ್ಲಿರುವ ಹೊತ್ತು. ಆಗಲೂ ಬಾಡಿದ್ದರೆ ನೀರಿನ ಕೊರತೆ ನಿಜವಾದದ್ದು. ಒಣಗುತ್ತಿರುವ ಬೇರಿನಲ್ಲಿಯೂ ಎಲೆಯಲ್ಲಿಯೂ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಉತ್ಪತ್ತಿಯಾಗಿ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ಅದರಿಂದ ನೀರು ಉಳಿಯುತ್ತದೆ. ಆದರೆ ಅದೇ ರಂಧ್ರಗಳಿಂದ ಒಳಬರಬೇಕಾದ ಇಂಗಾಲದ ಡೈಆಕ್ಸೈಡ್ ನಿಂತುಹೋಗಿ ಆಹಾರ ತಯಾರಿಕೆ ಕುಗ್ಗುತ್ತದೆ, ಆವಿಯಾಗುವಿಕೆ ನಿಂತದ್ದರಿಂದ ಎಲೆಯ ಬಿಸಿಯೂ ಏರುತ್ತದೆ. ಬರ ಮತ್ತು ಬಿಸಿ ಒಟ್ಟಿಗೆ ಬಂದಾಗ ಗಿಡಕ್ಕಾಗುವ ಹಾನಿ ಅಷ್ಟು ತೀವ್ರವಾಗಲು ಇದೇ ಕಾರಣ.

ಬುಡಕ್ಕೆ ನಿಧಾನವಾಗಿ, ಬೇರಿನ ಆಳದವರೆಗೆ ಇಳಿಯುವಂತೆ ನೀರು ಕೊಡಿ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದರಿಂದ ಬೇರುಗಳು ಮೇಲ್ಪದರದಲ್ಲೇ ಉಳಿದು, ಮುಂದಿನ ಒಣಹವೆಗೆ ಇನ್ನಷ್ಟು ಸುಲಭವಾಗಿ ತುತ್ತಾಗುತ್ತವೆ. ಕೆಲವು ಗಂಟೆಗಳಲ್ಲಿ ಎಲೆ ಎದ್ದರೆ ಕಾರಣ ಸಿಕ್ಕಂತೆ. ಮಣ್ಣಿನಲ್ಲಿ ನೀರಿನ ಹಿಡಿತ ಸುಮಾರು 15 ಬಾರ್ ಒತ್ತಡವನ್ನು ಮುಟ್ಟಿದಾಗ ಬಹುತೇಕ ಬೆಳೆಗಳು ಅದನ್ನು ಎಳೆದುಕೊಳ್ಳಲಾರವು. ಇದನ್ನೇ ಶಾಶ್ವತ ಬಾಡುವಿಕೆಯ ಬಿಂದು ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಬಹಳ ದಿನ ಇದ್ದ ಗಿಡದ ನವಿರಾದ ಬೇರುಗಳು ಸತ್ತಿರುವುದರಿಂದ, ನೀರು ಕೊಟ್ಟರೂ ಅದು ತಕ್ಷಣ ಏಳದಿರಬಹುದು.

ಕುಂಡದ ಗಿಡಗಳಲ್ಲಿ ಇನ್ನೊಂದು ಮೋಸವಿದೆ. ತೆಂಗಿನ ನಾರಿನ ಪುಡಿಯಂತಹ ಹಗುರ ಮಿಶ್ರಣ ಪೂರ್ತಿ ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಡುತ್ತದೆ. ಸುರಿದ ನೀರು ಆ ಸಂದಿಯಲ್ಲಿ ಇಳಿದು ಕೆಳಗಿನ ರಂಧ್ರದಿಂದ ಹರಿದುಹೋಗುತ್ತದೆ. ನೋಡುವವರಿಗೆ ನೀರು ಸಾಕಷ್ಟಾಯಿತೆನಿಸಿದರೂ ಬೇರಿನ ಗಡ್ಡೆ ಒಣಗಿಯೇ ಇರುತ್ತದೆ. ನೀರು ಹಾಕುವ ಮೊದಲೂ ಆಮೇಲೂ ಕುಂಡವನ್ನು ಎತ್ತಿ ನೋಡಿ. ತೂಕ ಹೆಚ್ಚದಿದ್ದರೆ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ, ಗುಳ್ಳೆಗಳು ನಿಲ್ಲುವವರೆಗೆ ಇಟ್ಟು, ನಂತರ ಚೆನ್ನಾಗಿ ಬಸಿಯಲು ಬಿಡಿ.

ಲಕ್ಷಣ: ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡಿದೆ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಮತ್ತು ಅತಿ ಹೆಚ್ಚು ಗಿಡಗಳು ಸಾಯುವುದೂ ಇಲ್ಲಿಯೇ ಎಂಬುದು ನನ್ನ ಅನುಭವ. ನಾನೇ ಮಳೆಗಾಲವೊಂದರಲ್ಲಿ ಬಾಡಿದ ಮೆಣಸಿನ ಗಿಡಕ್ಕೆ ಒಂದು ವಾರ ಬೆಳಗ್ಗೆ ಸಂಜೆ ನೀರೆರೆದೆ. ಕೊನೆಗೆ ಕುಂಡ ಬೋರಲು ಹಾಕಿದಾಗ ಅಡಿಯ ರಂಧ್ರ ಬೇರು ಮಣ್ಣಿನಿಂದ ಮುಚ್ಚಿಹೋಗಿತ್ತು, ಒಳಗಿನ ಮಣ್ಣು ಹುಳಿ ವಾಸನೆ ಬೀರುತ್ತಿತ್ತು, ಬೇರುಗಳಲ್ಲಿ ಬಿಳಿಯದೊಂದೂ ಉಳಿದಿರಲಿಲ್ಲ. ಗಿಡ ಬಾಯಾರಿದ್ದು ನಿಜ. ಆದರೆ ಕುಡಿಯುವ ಶಕ್ತಿಯೇ ಅದಕ್ಕೆ ಉಳಿದಿರಲಿಲ್ಲ.

ನೀರಿನೊಳಗೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ, ಅಲ್ಲಿದ್ದ ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬಹುಬೇಗ ಮುಗಿಸುತ್ತವೆ. ಆಮೇಲೆ ಬೇರು ಹುದುಗುವಿಕೆಯ ದಾರಿ ಹಿಡಿಯಬೇಕಾಗುತ್ತದೆ. ಅದರಿಂದ ದೊರೆಯುವ ಶಕ್ತಿ ಅತ್ಯಲ್ಪ. ಜೀವಕೋಶದ ಒಳಗೆ ಆಮ್ಲತೆ ಹೆಚ್ಚಿ, ನೀರು ಒಳನುಗ್ಗುವ ಸೂಕ್ಷ್ಮ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಹೀಗೆ ನೀರಿನಲ್ಲಿ ಮುಳುಗಿದ ಬೇರು ನೀರನ್ನು ಹೀರಲಾರದೆ ಮೇಲಿನ ಎಲೆ ಬಾಡುತ್ತದೆ. ಭತ್ತದಂತಹ ಸಸ್ಯಗಳು ಬೇರಿನೊಳಗೆ ಗಾಳಿಯ ಕೊಳವೆಗಳನ್ನು ಕಟ್ಟಿಕೊಂಡು ಎಲೆಯಿಂದ ಆಮ್ಲಜನಕವನ್ನು ಕೆಳಗಿಳಿಸುವುದರಿಂದ ಕೆಸರಿನಲ್ಲೂ ಬದುಕುತ್ತವೆ; ಟೊಮೇಟೊ, ಪಪ್ಪಾಯಿಗಳಿಗೆ ಆ ಸಾಮರ್ಥ್ಯವಿಲ್ಲ.

ಬರದ ಬಾಡುವಿಕೆಗೂ ಇದಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಕೈಬೆರಳಿನಿಂದ ಗುರುತಿಸಬಹುದು. ಒಣಗಿದ ಗಿಡದ ಎಲೆ ಬಟ್ಟೆಯಂತೆ ಮೆತ್ತಗಿರುತ್ತದೆ. ನೀರು ನಿಂತ ಮೊದಲ ಒಂದೆರಡು ದಿನಗಳಲ್ಲಿ, ಮುಖ್ಯವಾಗಿ ಟೊಮೇಟೊದಲ್ಲಿ, ತೊಟ್ಟು ಕೆಳಕ್ಕೆ ಬಾಗಿದರೂ ಎಲೆ ಬಿಗಿಯಾಗಿಯೇ ಇರುತ್ತದೆ. ಉಸಿರುಗಟ್ಟಿದ ಬೇರಿನಿಂದ ಮೇಲಕ್ಕೆ ಬಂದ ರಾಸಾಯನಿಕವೊಂದು ಎಲೆಯಲ್ಲಿ ಎಥಿಲೀನ್ ಅನಿಲವಾಗಿ ಮಾರ್ಪಟ್ಟು, ತೊಟ್ಟಿನ ಮೇಲ್ಭಾಗವನ್ನು ಕೆಳಭಾಗಕ್ಕಿಂತ ಬೇಗ ಬೆಳೆಸುವುದರಿಂದ ಹೀಗಾಗುತ್ತದೆ. ಈ ಹಂತದಲ್ಲಿ ಕಂಡುಹಿಡಿದರೆ ಗಿಡವನ್ನು ಉಳಿಸುವುದು ಸುಲಭ.

ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ನೀರು ನಿಲ್ಲಿಸಿ. ಕುಂಡವಾದರೆ ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ. ನಂತರ ಗಿಡವನ್ನು ಬೇರುಗಡ್ಡೆಯ ಸಮೇತ ಮೆಲ್ಲಗೆ ಹೊರತೆಗೆದು ಬೇರು ನೋಡಿ. ಬಿಳಿ ಅಥವಾ ತಿಳಿ ಕಂದು ಬಣ್ಣದ, ಗಟ್ಟಿಯಾದ ಬೇರು ಆರೋಗ್ಯದ ಗುರುತು. ಕಪ್ಪಾಗಿ ಮೆತ್ತಗಾಗಿ, ಎಳೆದಾಗ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರದಂತಹ ಎಳೆ ಮಾತ್ರ ಉಳಿದರೆ ಅದು ಬೇರುಕೊಳೆ. ಕೊಳೆತ ಭಾಗವನ್ನು ಶುದ್ಧಗೊಳಿಸಿದ ಕತ್ತರಿಯಿಂದ ತೆಗೆದು, ಗಾಳಿಯಾಡುವ ಹೊಸ ಮಿಶ್ರಣದಲ್ಲಿ ನೆಟ್ಟು, ಬಿಸಿಲು ತಗಲದ ಆದರೆ ಬೆಳಕಿರುವ ಜಾಗದಲ್ಲಿಡಿ. ಹೊಸ ಚಿಗುರು ಬರುವವರೆಗೆ ಗೊಬ್ಬರ ಕೊಡಬೇಡಿ. ಅರ್ಧಕ್ಕಿಂತ ಹೆಚ್ಚು ಬೇರು ಕೊಳೆತಿದ್ದರೆ, ಆರೋಗ್ಯವಾಗಿರುವ ರೆಂಬೆಯನ್ನು ಕತ್ತರಿಸಿ ಬೇರು ಬರಿಸುವುದೇ ಹೆಚ್ಚು ಭರವಸೆಯ ದಾರಿ.

ನೆಲದಲ್ಲಿ ಬಸಿಯುವಿಕೆಯನ್ನು ಅಳೆಯಲು 30 ಸೆಂಟಿಮೀಟರ್ ಆಳ ಮತ್ತು ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಳಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಬಸಿಯುವಿಕೆ ಸಾಲದು. ಬಸಿಗಾಲುವೆ ತೆಗೆಯಬೇಕು ಅಥವಾ ಏರುಮಡಿಯಲ್ಲಿ ನೆಡಬೇಕು. ಪರೀಕ್ಷೆ ಮುಗಿದ ಕೂಡಲೇ ಗುಂಡಿಯನ್ನು ಮುಚ್ಚಿ. ನೀರು ತುಂಬಿದ ಗುಂಡಿ ಮಕ್ಕಳಿಗೆ ಅಪಾಯ.

ಬೇರು ಬಿಳಿಯಾಗಿಯೇ ಇದ್ದು, ಮಣ್ಣು ಹದವಾಗಿದ್ದು, ಗಿಡ ಎರಡು ಮೂರು ದಿನಗಳಲ್ಲಿ ಹಸಿರಾಗಿರುವಾಗಲೇ ಜೋತುಬಿದ್ದರೆ ಸೊರಗು ರೋಗವನ್ನು ಶಂಕಿಸಬೇಕು. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಬೆರಳುದ್ದದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂತಹ ಬಿಳಿ ದ್ರವ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ದ್ರವ ಬರದೆ, ಕಾಂಡವನ್ನು ಸೀಳಿದಾಗ ಒಳಗೆ ಕಂದು ಗೆರೆಗಳು ಕಂಡರೆ ಶಿಲೀಂಧ್ರದ ಸೊರಗು ರೋಗವಿರಬಹುದು. ಅದರಲ್ಲಿ ಗಿಡದ ಒಂದು ಮಗ್ಗುಲು ಮಾತ್ರ ಮೊದಲು ಹಳದಿಯಾಗುವುದುಂಟು. ಎರಡಕ್ಕೂ ಔಷಧಿಯಿಂದ ಗಿಡವನ್ನು ಗುಣಪಡಿಸಲಾಗದು. ಗಿಡವನ್ನು ಬೇರುಸಹಿತ ತೆಗೆದು ದೂರ ಸಾಗಿಸಿ, ಕಾಂಪೋಸ್ಟ್ ಗುಂಡಿಗೆ ಹಾಕದೆ ನಾಶಪಡಿಸಿ, ಉಪಕರಣಗಳನ್ನೂ ಪಾದರಕ್ಷೆಯನ್ನೂ ತೊಳೆದ ಮೇಲೆಯೇ ಬೇರೆ ಮಡಿಗೆ ಹೋಗಿ.

ಬೇರಿನಲ್ಲಿ ಗಂಟುಗಳು ಕಂಡರೆ ಅವಸರದ ತೀರ್ಮಾನ ಬೇಡ. ದ್ವಿದಳ ಸಸ್ಯಗಳ ಬೇರಿನ ಮಗ್ಗುಲಲ್ಲಿ ಅಂಟಿಕೊಂಡು, ಉಗುರಿನಿಂದ ಮೀಟಿದರೆ ಸುಲಭವಾಗಿ ಉದುರುವ, ಒಳಗೆ ನಸುಗೆಂಪಾಗಿರುವ ಗಂಟುಗಳು ಸಾರಜನಕ ಕೂಡಿಸುವ ಉಪಕಾರಿ ಗಂಟುಗಳು. ಬೇರೇ ಊದಿಕೊಂಡು ಮಣಿಸರದಂತೆ ಕಂಡರೆ ಅದು ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುಗಳ (ನೆಮಟೋಡ್) ಬಾಧೆ.

ಲಕ್ಷಣ: ಎಲೆ ಹಳದಿಯಾಗಿದೆ

ಇಲ್ಲಿ ಹಳೆಯ ಎಲೆಯೋ ಹೊಸ ಎಲೆಯೋ ಎಂಬುದೇ ಮೊದಲ ಪ್ರಶ್ನೆ. ಸಾರಜನಕ, ರಂಜಕ, ಪೊಟ್ಯಾಶಿಯಂ, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಎಲೆಯಿಂದ ಹಿಂತೆಗೆದು ಸುಳಿಗೆ ಸಾಗಿಸಬಲ್ಲದು. ಅವು ಕೊರತೆಯಾದಾಗ ಬುಡದ ಎಲೆಗಳು ಮೊದಲು ಕೆಡುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್‌ಗಳನ್ನು ಹಾಗೆ ಸುಲಭವಾಗಿ ಸಾಗಿಸಲಾಗದು. ಅವುಗಳ ಕೊರತೆ ಸುಳಿಯಲ್ಲಿ ಮೊದಲು ಕಾಣುತ್ತದೆ.

ಬುಡದ ಎಲೆಗಳು ಇಡಿಯಾಗಿ ಮಾಸಲು ಹಳದಿಯಾಗಿ, ಗಿಡವೂ ಕುಳ್ಳಾಗಿದ್ದರೆ ಸಾರಜನಕದ ಕೊರತೆ ಇರಬಹುದು. ಬುಡದ ಎಲೆಗಳಲ್ಲಿ ನಾಳಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ. ಅದೇ ವಿನ್ಯಾಸ ಹೊಸ ಎಲೆಗಳಲ್ಲಿ ಕಂಡರೆ ಹೆಚ್ಚಾಗಿ ಕಬ್ಬಿಣ. ಆದರೆ ಕಬ್ಬಿಣವೆಂದ ಮಾತ್ರಕ್ಕೆ ಮಣ್ಣಿನಲ್ಲಿ ಅದಿಲ್ಲವೆಂದಲ್ಲ: ರಸಸಾರ (ಮಣ್ಣಿನ ಆಮ್ಲತೆ ಅಥವಾ ಕ್ಷಾರತೆಯ ಅಳತೆ, pH) 7.5 ದಾಟಿದ ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಕರಗದ ರೂಪದಲ್ಲಿ ಕುಳಿತಿರುತ್ತದೆ. ಆದ್ದರಿಂದ ಗೊಬ್ಬರ ಸುರಿಯುವ ಮೊದಲು ರಸಸಾರವನ್ನು ಅಳೆಯುವುದು ಅಗತ್ಯ. ಮಣ್ಣು ಒದ್ದೆಯಾಗಿದ್ದರೆ ಇದ್ಯಾವುದನ್ನೂ ನಂಬದೆ ಮೊದಲು ಬೇರನ್ನು ನೋಡಿ, ಏಕೆಂದರೆ ಕೊಳೆಯುತ್ತಿರುವ ಬೇರು ಯಾವ ಪೋಷಕಾಂಶವನ್ನೂ ಹೀರಲಾರದು, ಅದರ ಮೇಲೆ ಸುರಿದ ಗೊಬ್ಬರ ಇನ್ನಷ್ಟು ಸುಡುತ್ತದೆ.

ಹಳದಿ ಬಣ್ಣ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳಾಗಿ ಹರಡಿದ್ದರೆ, ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ. ಕಾಗದದ ಮೇಲೆ ಬಿದ್ದ ಚುಕ್ಕೆಗಳು ನಡೆದಾಡಿದರೆ ಅವು ನುಸಿಗಳು. ಬಿಸಿ ಮತ್ತು ಒಣಹವೆಯಲ್ಲಿ ಇವು ಬಹುಬೇಗ ಹೆಚ್ಚುತ್ತವೆ. ನೀರಿನ ಕೊರತೆಯಿಂದ ಬಳಲಿದ ಗಿಡ ಇವಕ್ಕೆ ಮೊದಲು ಬಲಿಯಾಗುತ್ತದೆ. ಎಲೆಯ ಕೆಳಭಾಗವನ್ನು ರಭಸದ ನೀರಿನಿಂದ ತೊಳೆಯುವುದು ಮೊದಲ ಚಿಕಿತ್ಸೆ.

ಲಕ್ಷಣ: ಎಲೆಯ ತುದಿ ಮತ್ತು ಅಂಚು ಸುಟ್ಟಂತಾಗಿದೆ

ಒಣಹವೆ, ಪೊಟ್ಯಾಶಿಯಂ ಕೊರತೆ, ಲವಣ ಇವು ಮೂರೂ ಅಂಚನ್ನು ಸುಡುತ್ತವೆ. ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯೇ, ಇತ್ತೀಚೆಗೆ ಗೊಬ್ಬರ ಹೆಚ್ಚಾಯಿತೇ, ಸವಳು ನೀರು ಬಳಸುತ್ತಿದ್ದೀರೇ ನೋಡಿ. ಹೌದಾದರೆ ಲವಣವೇ ಕಾರಣವೆಂದು ಹಿಡಿದು ಮುಂದುವರಿಯಬಹುದು.

ಲವಣ ಎರಡು ಹಂತಗಳಲ್ಲಿ ಕಾಡುತ್ತದೆ. ಮೊದಲು ಅದು ಮಣ್ಣಿನ ನೀರನ್ನು ಹಿಡಿದಿಟ್ಟುಕೊಂಡು, ತೇವವಿದ್ದರೂ ಬೇರಿಗೆ ಸಿಗದಂತೆ ಮಾಡುತ್ತದೆ. ಆಗ ಬೆಳವಣಿಗೆ ಕುಂಠಿತವಾಗಿ ಎಲೆ ಚಿಕ್ಕದಾಗಿ ಕಡುಹಸಿರಾಗುತ್ತದೆ. ವಾರಗಳು ಕಳೆದ ಮೇಲೆ ಸೋಡಿಯಂ ಮತ್ತು ಕ್ಲೋರೈಡ್ ಎಲೆಯಲ್ಲಿ ಶೇಖರವಾಗಿ, ಹೆಚ್ಚು ಕಾಲ ನೀರು ಆವಿಯಾದ ಹಳೆಯ ಎಲೆಗಳ ಅಂಚು ಮೊದಲು ಸುಡುತ್ತದೆ. ಲವಣದ ಪ್ರಮಾಣವನ್ನು ತಿಳಿಸುವ ಅಳತೆಯಾದ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣೆಂದು ವಿಂಗಡಿಸುತ್ತಾರೆ. ಆದರೆ ಬೀನ್ಸ್, ಸ್ಟ್ರಾಬೆರಿಗಳಲ್ಲಿ 1 ದಾಟಿದರೇ ಇಳುವರಿ ತಗ್ಗತೊಡಗುತ್ತದೆ. ಬಾರ್ಲಿ ಮತ್ತು ಹತ್ತಿ ಸುಮಾರು 8ರವರೆಗೆ ತಾಳುತ್ತವೆ.

ಕುಂಡದಲ್ಲಿ ಪರಿಹಾರ ಸುಲಭ: ಕುಂಡದ ಗಾತ್ರದ ಎರಡರಿಂದ ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಸುರಿದು ಪೂರ್ತಿ ಬಸಿಯಲು ಬಿಡಿ. ನೆಲದಲ್ಲಿ ಬಸಿಯುವಿಕೆ ಚೆನ್ನಾಗಿದ್ದರೆ ಮಾತ್ರ ಹೀಗೆ ತೊಳೆಯಬಹುದು. ಇಲ್ಲದಿದ್ದರೆ ನೀರು ನಿಂತು ಒದ್ದೆ ಮಣ್ಣಿನ ಭಾಗದಲ್ಲಿ ಹೇಳಿದ ತೊಂದರೆ ಶುರುವಾಗುತ್ತದೆ. ಜಿಪ್ಸಂ ಹಾಕುವುದು ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಉಪಯುಕ್ತವೇ ಹೊರತು ಎಲ್ಲ ಸವಳಿಗೂ ಅಲ್ಲ; ಮಣ್ಣಿನ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಆ ಖರ್ಚು ಮಾಡಬೇಡಿ.

ಲಕ್ಷಣ: ಎಲೆಯ ಮೇಲೆ ಒಮ್ಮೆಲೇ ಬಿಳಿಚಿದ ಅಥವಾ ನೀರು ಕುಡಿದಂತಹ ಮಚ್ಚೆ

ಬಿಸಿಲು ಬೀಳುವ ಮಗ್ಗುಲಿನಲ್ಲಿ ಮಾತ್ರ ಬಿಳಿಚಿದ, ಕಾಗದದಂತೆ ಒಣಗಿದ ಮಚ್ಚೆ ಕಂಡರೆ ಅದು ಬಿಸಿಲಿನ ಸುಟ್ಟಗಾಯ. ನೆರಳಿನಲ್ಲಿ ಬೆಳೆದ ಎಲೆಗೆ ಹೆಚ್ಚಿನ ಬೆಳಕನ್ನು ಸುರಕ್ಷಿತವಾಗಿ ಹೊರಹಾಕುವ ಸಿದ್ಧತೆ ಇರುವುದಿಲ್ಲ. ಸಸಿಗಳನ್ನು ಬಿಸಿಲಿಗೆ ತರುವಾಗ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ 7ರಿಂದ 10 ದಿನಗಳಲ್ಲಿ ಹೊಂದಿಸಿ. ಸುಟ್ಟ ಎಲೆಯನ್ನು ಕೂಡಲೇ ಕೀಳಬೇಡಿ. ಅದರಲ್ಲಿ ಉಳಿದಿರುವ ಹಸಿರು ಗಿಡಕ್ಕೆ ಬೇಕು.

ಚಳಿಯ ರಾತ್ರಿಯ ಮರುದಿನ ಎಲೆ ನೀರಿನಲ್ಲಿ ನೆನೆದಂತೆ ಕಡುಬಣ್ಣವಾಗಿ, ಆಮೇಲೆ ಕಪ್ಪಾದರೆ ಶೀತದ ಹಾನಿ. ಉಷ್ಣವಲಯದ ಅನೇಕ ಗಿಡಗಳಿಗೆ 10ರಿಂದ 12 ಡಿಗ್ರಿ ಸೆಲ್ಸಿಯಸ್‌ನ ಕೆಳಗೇ ತೊಂದರೆಯಾಗುತ್ತದೆ, ಹಿಮ ಬೀಳಬೇಕೆಂದೇನಿಲ್ಲ.

ಲಕ್ಷಣ: ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ, ಕಾಯಿಯ ತುದಿ ಕಪ್ಪಾಗುತ್ತದೆ

ಎಲೆ ಹಸಿರಾಗಿದ್ದು ಹೂ ಮಾತ್ರ ಉದುರಿದರೆ ಉಷ್ಣತೆಯ ದಾಖಲೆಯನ್ನು ನೋಡಿ. ಗಿಡದ ಉಳಿದೆಲ್ಲ ಭಾಗಗಳಿಗಿಂತ ಪರಾಗ ಬಿಸಿಗೆ ಬೇಗ ಸೋಲುತ್ತದೆ. ಟೊಮೇಟೊದಲ್ಲಿ ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24–25ಕ್ಕಿಂತ ಕೆಳಗಿಳಿಯದಿದ್ದರೆ ಕಾಯಿ ಕಚ್ಚುವುದು ಬಹಳ ಕಡಿಮೆಯಾಗುತ್ತದೆ. ಭತ್ತವೂ ಹೂ ಬಿಡುವ ಹೊತ್ತಿನಲ್ಲಿ 35 ಡಿಗ್ರಿಗಿಂತ ಹೆಚ್ಚಿನ ಬಿಸಿ ಕಂಡರೆ ಜೊಳ್ಳಾಗುತ್ತದೆ. ಇದಕ್ಕೆ ಗೊಬ್ಬರ ಮದ್ದಲ್ಲ. ಸಾರಜನಕ ಹೆಚ್ಚು ಕೊಟ್ಟರೆ ಎಲೆ ಬೆಳೆದು ಹೂ ಇನ್ನೂ ತಗ್ಗುತ್ತದೆ. ನೆರಳು ಪರದೆ, ತೇವದ ಸಮತೋಲನ ಮತ್ತು ಹವೆ ತಂಪಾಗುವವರೆಗಿನ ತಾಳ್ಮೆ, ಇಷ್ಟೇ ಕೈಯಲ್ಲಿರುವುದು.

ಟೊಮೇಟೊ, ದಪ್ಪಮೆಣಸು, ಕಲ್ಲಂಗಡಿಗಳ ಕಾಯಿಯ ತುದಿ ಗುಳಿಬಿದ್ದು ಕಪ್ಪಾದರೆ ಅದು ರೋಗವಲ್ಲ, ಬೆಳೆಯುತ್ತಿರುವ ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದುದರ ಫಲ. ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಗೇ ಸಾಗುತ್ತದೆ. ಹರಿವಿನ ಬಹುಪಾಲು ಆವಿಯಾಗಿಸುವ ಎಲೆಗೆ ಹೋಗಿ, ಕಾಯಿಗೆ ಸ್ವಲ್ಪವೇ ಸಿಗುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ತೋಯಿಸುವ ನೀರಾವರಿಯಲ್ಲಿ ಇದು ಹೆಚ್ಚು. ಮಣ್ಣಿನ ತೇವವನ್ನು ಒಂದೇ ಮಟ್ಟದಲ್ಲಿ ಇಟ್ಟರೆ ಮುಂದಿನ ಕಾಯಿಗಳು ಸರಿಹೋಗುತ್ತವೆ.

ಲಕ್ಷಣ: ಸುಳಿ ತಿರುಚಿ, ಎಲೆ ಬಟ್ಟಲಿನಂತೆ ಮುದುಡಿದೆ

ನಂಜುರೋಗ, ರಸ ಹೀರುವ ಕೀಟ, ಕಳೆನಾಶಕ ಇವು ಮೂರೂ ಹೀಗೆ ಮಾಡುತ್ತವೆ. ಕೀಟವನ್ನು ಎಲೆಯ ಅಡಿಯಲ್ಲಿ ಹುಡುಕಿ. ಕೀಟವಿಲ್ಲದೆ, ಬೇರೆ ಬೇರೆ ಜಾತಿಯ ಅಗಲ ಎಲೆಯ ಗಿಡಗಳೆಲ್ಲ ಒಂದೇ ವಾರದಲ್ಲಿ ತಿರುಚಿ, ಹುಲ್ಲಿನ ಜಾತಿಯವು ಸರಿಯಾಗಿದ್ದರೆ 2,4-ಡಿಯಂತಹ ಕಳೆನಾಶಕದ ಗಾಳಿ ತಗುಲಿರಬಹುದು. ಟೊಮೇಟೊ, ಹತ್ತಿ, ದ್ರಾಕ್ಷಿ ಇದಕ್ಕೆ ಅತಿ ಸೂಕ್ಷ್ಮ. ಇಂತಹ ಕೆಲವು ರಾಸಾಯನಿಕಗಳು ಮೇವಿನ ಮೂಲಕ ಗೊಬ್ಬರದಲ್ಲೂ ಉಳಿದುಬರುತ್ತವೆ. ಗೊಬ್ಬರದ ಮೇಲೆ ಅನುಮಾನವಿದ್ದರೆ ಅದನ್ನು ಬೆರೆಸಿದ ನಾಲ್ಕು ಕುಂಡಗಳಲ್ಲಿಯೂ ಬೆರೆಸದ ನಾಲ್ಕು ಕುಂಡಗಳಲ್ಲಿಯೂ ಬೀನ್ಸ್ ಬಿತ್ತಿ, ಮೂರು ವಾರ ಹೋಲಿಸಿ ನೋಡಿ. ಬೆರೆಸಿದವು ಮಾತ್ರ ತಿರುಚಿದರೆ ಆ ಗೊಬ್ಬರವನ್ನು ಬಳಸಬೇಡಿ. ರಾಸಾಯನಿಕ ತಗುಲಿರುವ ಗಿಡದ ಕಾಯಿ ಸೊಪ್ಪನ್ನು ತಿನ್ನಬೇಡಿ.

ಲಕ್ಷಣ: ಕಾಂಡ ಸಪೂರವಾಗಿ ಉದ್ದವಾಗಿದೆ

ಬೆಳಕು ಸಾಲದು. ನೆರಳಿನ ಬೆಳಕನ್ನು ಗುರುತಿಸಿದ ಗಿಡ ಅಕ್ಕಪಕ್ಕದವನ್ನು ಮೀರಿ ಮೇಲೇರಲು ಕಾಂಡವನ್ನು ಎಳೆಯುತ್ತದೆ. ಸಸಿಗಳನ್ನು ಅಂತರ ಬಿಟ್ಟು ನೆಡಿ, ಮೆಲ್ಲಗೆ ಬೆಳಕಿಗೆ ಸರಿಸಿ.

ಮಾಡುವಾಗ ಎಚ್ಚರ

ಒಣ ಮಿಶ್ರಣವನ್ನು ಮುಚ್ಚಿದ ಕೋಣೆಯಲ್ಲಿ ಕೊಡವಬೇಡಿ. ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ದುಂಡಾಣು ಇರಬಹುದು. ಮೊದಲು ತೇವ ಮಾಡಿ, ಮುಖಗವಸು ಮತ್ತು ಕೈಗವಸು ಧರಿಸಿ, ಆಮೇಲೆ ಕೈ ತೊಳೆಯಿರಿ. ಕಳ್ಳಿ, ಕಣಗಿಲೆಯಂತಹ ಗಿಡಗಳ ಹಾಲು ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಕತ್ತರಿ ಶುದ್ಧಗೊಳಿಸಲು ಶೇಕಡ 70ರ ಆಲ್ಕೋಹಾಲ್ ಸಾಕು. ಬ್ಲೀಚಿಂಗ್ ದ್ರಾವಣವನ್ನು ಬಳಸುವುದಾದರೆ ಆಮ್ಲದ ಅಥವಾ ಅಮೋನಿಯಾದ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಹೊರಬರುತ್ತದೆ. ಬಾಡಿದ ಗಿಡಕ್ಕೆ ನಡುಹಗಲಿನಲ್ಲಿ ಯಾವ ಔಷಧಿಯನ್ನೂ, ಎಣ್ಣೆಯ ದ್ರಾವಣವನ್ನೂ ಸಿಂಪಡಿಸಬೇಡಿ. ನೀರು ನಿಂತ ನೆಲದಲ್ಲಿ ವಿದ್ಯುತ್ ಪಂಪನ್ನು ಮುಟ್ಟುವ ಮೊದಲು ವಿದ್ಯುತ್ ಸಂಪರ್ಕ ಕಡಿತವಾಗಿದೆಯೆಂದು ಖಚಿತಪಡಿಸಿಕೊಳ್ಳಿ.

ಎಲ್ಲಿ ನಿಲ್ಲಿಸಿ ತಜ್ಞರನ್ನು ಕರೆಯಬೇಕು

ಮರವು ಹಠಾತ್ತಾಗಿ ವಾಲಿದ್ದರೆ, ಬುಡದ ಮಣ್ಣು ಬಿರುಕುಬಿಟ್ಟು ಎದ್ದಿದ್ದರೆ, ಕಾಂಡದ ಬುಡದಲ್ಲಿ ಅಣಬೆ ಮೂಡಿದ್ದರೆ ಅದರ ಕೆಳಗೆ ನಿಂತು ಪರೀಕ್ಷಿಸಬೇಡಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನು ಸ್ವತಃ ಕಡಿಯಲು ಹೋಗಬೇಡಿ. ಸೊರಗು ರೋಗದ ಗುರುತು ಕಂಡಾಗ, ತೊಂದರೆ ವಾರದೊಳಗೆ ಗಿಡದಿಂದ ಗಿಡಕ್ಕೆ ಹರಡುತ್ತಿರುವಾಗ, ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸಿ ಎರಡು ವಾರವಾದರೂ ಹೊಸ ಎಲೆಗಳು ಕೆಡುತ್ತಲೇ ಇರುವಾಗ ಸಸ್ಯರೋಗ ಪ್ರಯೋಗಾಲಯದ ನೆರವು ಪಡೆಯಿರಿ. ಪೂರ್ತಿ ಸತ್ತ ಗಿಡದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅರ್ಧ ಕೆಟ್ಟ ಗಿಡವನ್ನು ಬೇರು ಮತ್ತು ಅದರ ಸುತ್ತಲ ಮಣ್ಣಿನ ಸಮೇತ ತೆಗೆದು, ಪಕ್ಕದ ಆರೋಗ್ಯವಂತ ಗಿಡದ ಒಂದು ಮಾದರಿಯನ್ನೂ ಬೇರೆಯಾಗಿ ಕಟ್ಟಿ, ಎರಡು ವಾರಗಳ ಬದಲಾವಣೆಯ ಟಿಪ್ಪಣಿಯೊಂದಿಗೆ ಒಪ್ಪಿಸಿ. ಎಲೆಗಳನ್ನು ಒದ್ದೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತವೆ, ಕಾಗದದಲ್ಲಿ ಸುತ್ತಿ.

ಚೇತರಿಕೆಯನ್ನು ಅಳೆಯುವುದು

ಹಳದಿಯಾಗಿ ಒಣಗಿದ ಎಲೆ, ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಕೆಟ್ಟ ಎಲೆಗಳನ್ನು ನೋಡುತ್ತ ಕುಳಿತರೆ ಸರಿಯಾದ ಚಿಕಿತ್ಸೆಯೂ ಸೋತಂತೆ ಕಾಣುತ್ತದೆ. ಪರಿಹಾರ ಮಾಡಿದ ದಿನ ಸುಳಿಯ ಹತ್ತಿರದ ತೊಟ್ಟಿಗೆ ದಾರ ಕಟ್ಟಿ. ಅದರ ಮೇಲೆ ಹೊಸದಾಗಿ ಬಿಚ್ಚುವ ಎಲೆಗಳ ಬಣ್ಣ ಮತ್ತು ಗಾತ್ರವನ್ನು ಮಾತ್ರ ಗಮನಿಸಿ. ಎಲೆಯೆಲ್ಲ ಉದುರಿದ ಗಿಡದಲ್ಲೂ ಉಗುರಿನಿಂದ ತೊಗಟೆಯನ್ನು ಮೆಲ್ಲಗೆ ಕೆರೆದಾಗ ಒಳಗೆ ಹಸಿರು ಕಂಡರೆ ಆ ರೆಂಬೆಗೆ ಜೀವವಿದೆ. ತುದಿಯಿಂದ ಶುರುಮಾಡಿ ಹಸಿರು ಸಿಗುವವರೆಗೆ ಕೆಳಗೆ ಕೆರೆಯುತ್ತ ಬನ್ನಿ, ಅಲ್ಲಿಂದ ಮೇಲಿನದನ್ನಷ್ಟೇ ಕತ್ತರಿಸಿ. ಬುಡದವರೆಗೂ ಕಂದಾಗಿಯೇ ಇದ್ದರೂ ಬೇರು ಗಟ್ಟಿಯಾಗಿದ್ದರೆ ಆ ಗಿಡಕ್ಕೆ ಒಂದು ಋತುವಿನ ಅವಕಾಶ ಕೊಡಿ. ದಾಸವಾಳ, ದಾಳಿಂಬೆಯಂತಹ ಪೊದೆಗಳು ಬುಡದಿಂದಲೇ ಮತ್ತೆ ಚಿಗುರುವುದುಂಟು.